ಮೂರನೇ ಮೆಟ್ಟಿಲ ಬೆಂಕಿ

೧

ಎಲ್ಲಿಂದ ಶುರು ಮಾಡುವುದು?

ರಾಮನಗರದ ಬಂಡೆಗಳಿಂದ ಶುರು ಮಾಡಿದರೆ ನೀವು ಪುಟ ಮಡಚಿ ಎದ್ದು ಹೋಗುತ್ತೀರಿ. ಆ ಬಂಡೆಗಳನ್ನು ತೋರಿಸಿ ತೋರಿಸಿ ಸಿನಿಮಾದವರಿಗೇ ಸಾಕಾಗಿದೆ. ಬೆಂಕಿಯಿಂದ ಶುರು ಮಾಡೋಣವೆಂದರೆ ಅದು ಅನ್ಯಾಯ. ಓದುಗರು ಕದಲಬಾರದೆಂದು ಮೊದಲ ಸಾಲಿಗೇ ಬಡವರ ಗುಡಿಸಲು ಸುಡುವವನನ್ನು ಕಥೆಗಾರ ಎನ್ನಬೇಕೋ ಬೇರೆ ಏನಾದರೂ ಎನ್ನಬೇಕೋ ಎಂದು ನನಗೇ ಅನುಮಾನ. (ಹಾಗೆ ಸುಟ್ಟು ಬರೆದ ಒಂದು ಡ್ರಾಫ್ಟ್ ನನ್ನ ಹತ್ತಿರ ಇತ್ತು. ಭಾಷೆ ಬಹಳ ಚೆನ್ನಾಗಿತ್ತು. ಅದಕ್ಕೇ ಹರಿದು ಹಾಕಿದೆ.)

ಸರಿ, ನೇರವಾಗಿ ಹೇಳಿಬಿಡುತ್ತೇನೆ. ಆಮೇಲೆ ಸಸ್ಪೆನ್ಸೇ ಇಲ್ಲವೆಂದು ಗೊಣಗಬೇಡಿ. ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ಮಾಡುವ ಭಾನುಪ್ರಿಯ ಎಂಬ ಹೆಂಗಸು, ಈ ದಸರೆಗೆ ಮನೆಯಲ್ಲಿ ಕೂರಿಸುವ ಬೊಂಬೆಗಳ ನಡುವೆ, ಮೂರನೇ ಮೆಟ್ಟಿಲಲ್ಲಿ, ತನ್ನ ಸೋದರಮಾವನಿಗೆ ಒಂದು ಜಾಗ ಕೊಡಲೇಬೇಕೆಂದು ಹಟ ಹಿಡಿದಿದ್ದಾಳೆ. ಸೋದರಮಾವನ ಹೆಸರು ಚಿನ್ನರಾಸು. ತೊಂಬತ್ತೊಂದನೇ ಇಸವಿಯ ಕಾವೇರಿ ಗಲಾಟೆಯಲ್ಲಿ ಓಡಿದವನು ಮತ್ತೆ ಸಿಕ್ಕಿಲ್ಲ. ಅವನ ಫೋಟೋ ಇಲ್ಲ, ತಿಥಿ ಇಲ್ಲ, ಪೊಲೀಸ್ ಕಂಪ್ಲೇಂಟೂ ಇಲ್ಲ. ಕಂಪ್ಲೇಂಟ್ ಕೊಡಲು ಹೋದರೆ ನೀವು ಯಾರು ಎಂದು ಕೇಳುತ್ತಾರೆ. ನಾವು ತಮಿಳರು ಎನ್ನಬೇಕಾಗುತ್ತದೆ.

ಆ ಮಾತನ್ನು ಭಾನುಪ್ರಿಯಳ ಮನೆಯವರು ಇಲ್ಲಿಯವರೆಗೂ ಯಾರ ಮುಂದೆಯೂ ಆಡಿಲ್ಲ. ಬೀದಿಯವರಿಗೆ, ಶಾಲೆಗೆ, ಅಂಗಡಿಯವರಿಗೆ, ಹೆಣ್ಣು ಕೊಟ್ಟು ತಂದವರಿಗೆ, ಯಾರಿಗೂ ಹೇಳಿಲ್ಲ. ಭಾನುಪ್ರಿಯಳಿಗೇ ಗೊತ್ತಾದದ್ದು ಹೋದ ವರ್ಷ.

(ನೋಡಿ, ಕಥೆ ಶುರುವಾಗಿಯೇ ಹೋಯಿತು. ಸುಮ್ಮನೆ ಒದ್ದಾಡಿದೆ.)

೨

ಹೋದ ವರ್ಷ ಕಾವೇರಿ ಬಂದ್ ಆದ ದಿನ ಕಾರ್ಖಾನೆಗೆ ರಜೆ. ಭಾನುಪ್ರಿಯಳೂ ಅವಳ ಅವ್ವ ಸರಸಮ್ಮನೂ ಜಗುಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅಣ್ಣ ಲೋಕೇಶ ಬೆಳಿಗ್ಗೆಯೇ ಹೈವೇಗೆ ಹೋಗಿದ್ದ. ಅವನದು ಅಲ್ಲೇ ಪಕ್ಕದಲ್ಲಿ ಟಯರ್ ಅಂಗಡಿ. ಅದಕ್ಕಿಂತ ದೊಡ್ಡ ಕೆಲಸವೆಂದರೆ ತಾಲ್ಲೂಕಿನ ಕನ್ನಡ ಯುವಕರ ಬಳಗದ ಕಾರ್ಯದರ್ಶಿಗಿರಿ. ರಾಜ್ಯೋತ್ಸವ ಬಂತೆಂದರೆ ವಾರಗಟ್ಟಲೆ ಅವನ ಗಂಟಲು ಕೂತಿರುತ್ತದೆ. (ಭಾನುಪ್ರಿಯಳ ಗಂಡ ನಟರಾಜು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿದ್ದಾನೆ. ವಿಷಯ ತಿಳಿದ ಮೇಲೆ "ಅದಕ್ಕೇನೀಗ?" ಎಂದು ಟಿಫನ್ ಕ್ಯಾರಿಯರ್ ಎತ್ತಿಕೊಂಡು ಶಿಫ್ಟಿಗೆ ಹೋದ. ಇಷ್ಟು ಒಳ್ಳೆಯವನಿಂದ ಕಥೆಗೇನೂ ಉಪಯೋಗವಿಲ್ಲ, ಅವನನ್ನು ಮತ್ತೆ ಕರೆಯುವುದಿಲ್ಲ.)

ಮಧ್ಯಾಹ್ನ ವಾಟ್ಸಾಪಿನಲ್ಲಿ ವಿಡಿಯೋ ಬಂತು. ಲೋಕೇಶ ಹಳದಿ ಕೆಂಪು ಶಾಲು ಹೊದ್ದು ಮೈಕ್ ಹಿಡಿದು "ಕಾವೇರಿ ನಮ್ಮದು" ಎಂದು ಕೂಗುತ್ತಿದ್ದ. ಹಿಂದಿನಿಂದ ಯಾರೋ "ಓಡಿಸ್ರೋ ಅವ್ರನ್ನ" ಅಂದರು. ಲೋಕೇಶ ಅದನ್ನೂ ಮೈಕಿನಲ್ಲಿ ಕೂಗಿದ.

ಸರಸಮ್ಮ ಸುಲಿಯುವುದನ್ನು ನಿಲ್ಲಿಸಿದಳು. "ಇವನಿಗೆ ಆರು ವರ್ಷ ತುಂಬೋಗಂಟ ಒಂದು ಕನ್ನಡ ಪದ ಬತ್ತಿರಲಿಲ್ಲ," ಅಂದಳು.

ಭಾನುಪ್ರಿಯ ನಕ್ಕಳು. "ಯಾಕವ್ವ, ಮೂಗನಾಗಿದ್ನಾ?"

"ಅರಳು ಹುರ್ದಂಗೆ ಮಾತಾಡೋನು. ತಮಿಳಲ್ಲಿ."

ಬೀದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಇಬ್ಬರೂ ಒಟ್ಟಿಗೆ ನೋಡಿದರು. ವಿಷಯ ತಿಳಿದು ಅರ್ಧ ನಿಮಿಷವಾಗಿಲ್ಲ, ಹೆದರಿಕೆ ಆಗಲೇ ತನಗೂ ಅಂಟಿಕೊಂಡಿದೆಯೆಂದು ಭಾನುಪ್ರಿಯಳಿಗೆ ಅನ್ನಿಸಿ ಮೈ ಉರಿಯಿತು. "ಎದ್ದೇಳವ್ವ, ಒಳಕ್ಕೆ ಹೋಗಾನ" ಎಂದು ಸರಸಮ್ಮ ಏಳಹೊರಟರೆ, ಅವಳ ಸೆರಗು ಹಿಡಿದು ಕೂರಿಸಿದಳು. "ಇಲ್ಲೇ ಕುಂತ್ಕಂಡು ಹೇಳು. ಮೆಲ್ಲಗಾದ್ರೂ ಸರಿ, ಇಲ್ಲೇ ಹೇಳು."

೩

ಸರಸಮ್ಮ ಹೇಳಿದ್ದು ಇಷ್ಟು.

ಧರ್ಮಪುರಿ ಕಡೆಯಿಂದ ಕಲ್ಲು ಒಡೆಯಲು ಬಂದವರು ಅವರು. ಕಲ್ಲುಕೋರೆಯ ಪಕ್ಕ ಸಾಲು ಗುಡಿಸಲು. ಗಂಡ ಮುನಿಯಾಂಡಿ, ಆರು ವರ್ಷದ ಲೋಕೇಶ, ಮಡಿಲಲ್ಲಿ ಭಾನು, ಜೊತೆಗೆ ಸರಸಮ್ಮನ ತಮ್ಮ ಚಿನ್ನರಾಸು. ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. (ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಆ ಒಂದು ಊರಿನವರು ತಲೆ ತಗ್ಗಿಸುತ್ತಾರೆ, ಉಳಿದವರೆಲ್ಲ ಕಾಫಿ ಕುಡಿಯುತ್ತಾ ಓದುತ್ತಾರೆ.)

ಡಿಸೆಂಬರಿನ ಒಂದು ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ, ಸೀಮೆಎಣ್ಣೆ ಡಬ್ಬ ಹಿಡಿದು ಗುಂಪು ಬಂತು. ಮೊದಲನೇ ಗುಡಿಸಲು ಹತ್ತಿಕೊಂಡಾಗ ಇವರು ಓಡಿದರು. ಓಡಿದ್ದು ಅಂಕಮ್ಮನ ಮನೆಗೆ. ಅಂಕಮ್ಮ ಎಂದರೆ ಆ ಊರಿನ ಹಿಪ್ಪುನೇರಳೆ ತೋಟದ ಒಡತಿ, ರೇಷ್ಮೆ ಬೆಳೆಯುವವಳು. ಸರಸಮ್ಮ ಅವಳಲ್ಲಿ ಸೊಪ್ಪು ಬಿಡಿಸಲು ಹೋಗುತ್ತಿದ್ದಳು. ಅಂಕಮ್ಮ ಏನನ್ನೂ ಕೇಳಲಿಲ್ಲ. ಅವರನ್ನು ಹುಳು ಸಾಕುವ ಮನೆಗೆ ನೂಕಿ ಬೀಗ ಹಾಕಿ, ಹೊಸಲಿನ ಮುಂದೆ ಸುಣ್ಣದ ಪುಡಿಯ ಗೆರೆ ಎಳೆದು, ಸೊಂಟಕ್ಕೆ ಕೈ ಇಟ್ಟು ನಿಂತಳು.

ಗುಂಪು ಅಲ್ಲಿಗೂ ಬಂತು.

"ಹುಳ ಜ್ವರಕ್ಕೆ ಕೂತವೆ ಕಣ್ರಪ್ಪಾ," ಅಂದಳು ಅಂಕಮ್ಮ. "ಹೊರಗಿನೋರು ಈ ಗೆರೆ ದಾಟಿ ಕಾಲಿಟ್ರೆ ನನ್ನ ಬೆಳೆ ಹೋಯ್ತದೆ. ನಿಮ್ಮನೇಲೂ ಹುಳ ಅವೆ ತಾನೆ?"

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು: ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಮಲಗುತ್ತದೆ. ಅದನ್ನೇ ಜ್ವರ ಅನ್ನುವುದು. ಆಗ ಹೊರಗಿನವರು ಒಳಗೆ ಹೋಗುವಂತಿಲ್ಲ, ರೋಗ ತಗುಲುತ್ತದೆ. ಗುಂಪಿನಲ್ಲಿದ್ದವರೆಲ್ಲ ರೇಷ್ಮೆ ಬೆಳೆಯುವವರೇ. ಮನುಷ್ಯರ ಗುಡಿಸಲು ಸುಟ್ಟು ಬಂದವರು ಸುಣ್ಣದ ಗೆರೆಯ ಈಚೆಗೇ ನಿಂತುಬಿಟ್ಟರು. ಒಬ್ಬ "ಹಂಗಾದ್ರೆ ಬೇಡ ಬುಡಿ" ಅಂದ. (ಇದನ್ನು ನಾನೇ ಕಟ್ಟಿದ್ದೇನೆಂದು ನಿಮಗೆ ಅನುಮಾನ ಬಂದರೆ ಬರಲಿ. ಕಟ್ಟುವುದೇ ನನ್ನ ಕಸುಬು.)

ಹುಳು ಮೇಯುವಾಗ ಮನೆಯಲ್ಲೆಲ್ಲ ಸರಸರ ಸದ್ದು ಇರುತ್ತದೆ, ಮಕ್ಕಳು ಕೆಮ್ಮಿದರೂ ಕೇಳುವುದಿಲ್ಲ. ಅವತ್ತು ಹುಳು ಮಲಗಿದ್ದವು, ಒಂದು ಚೂರು ಸದ್ದಿಲ್ಲ. ಲೋಕೇಶನ ಬಾಯಿಂದ ಏನು ಬಂದರೂ ತಮಿಳೇ ಬರುತ್ತಿತ್ತು. ಸರಸಮ್ಮ ಅವನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

ಚಿನ್ನರಾಸು ಮಾತ್ರ ಹಿಂದೆ ಉಳಿದಿದ್ದ. ಕಟ್ಟಿದ ಮೇಕೆ ಬಿಚ್ಚಿ ಬರುತ್ತೇನೆಂದು ಹೋಗಿದ್ದ. ಅವನು ಬರುವಷ್ಟರಲ್ಲಿ ಬಾಗಿಲಿಗೆ ಬೀಗ, ಬಾಗಿಲ ಮುಂದೆ ಗುಂಪು. "ಅಕ್ಕಾ" ಎಂದು ಒಂದು ಸಲ ಕೂಗಿದ್ದು ಸರಸಮ್ಮನಿಗೆ ಕೇಳಿಸಿತು. ಆಮೇಲೆ ಓಡುವ ಸದ್ದು, ಅವನ ಹಿಂದೆ ಬಹಳ ಜನ ಓಡುವ ಸದ್ದು. ಕೆರೆಯ ಕಡೆಗೆ ಓಡಿದನೋ ರಸ್ತೆಯ ಕಡೆಗೆ ಓಡಿದನೋ ಗೊತ್ತಾಗಲಿಲ್ಲ.

ಆಮೇಲೆ ಅವರು ಚನ್ನಪಟ್ಟಣಕ್ಕೆ ಬಂದರು. ಮುನಿಯಾಂಡಿ ಮುನಿಯಪ್ಪನಾದ. ಸತ್ತಾಗಲೂ ಮುನಿಯಪ್ಪನಾಗಿಯೇ ಸತ್ತ. ಮನೆಯೊಳಗೆ ಕೂಡ ಒಬ್ಬರೂ ತಮಿಳು ಆಡಲಿಲ್ಲ. ತಮ್ಮನ ಹೆಸರನ್ನು ಸರಸಮ್ಮ ಈ ಕಡಲೆಕಾಯಿಯ ಮುಂದೆಯೇ ಮೊದಲ ಸಲ ಎತ್ತಿದ್ದು.

"ಹುಡುಕ್ಲಿಲ್ವಾ?" ಅಂದಳು ಭಾನುಪ್ರಿಯ.

"ಯಾರ್ನ ಕೇಳಾನ? ಕೇಳಬೇಕಾದ್ರೆ ನಾನು ಅವನಕ್ಕ ಅನ್ಬೇಕಲ್ಲವ್ವ."

೩ (ಕೆಟ್ಟುಹೋದದ್ದು)

ಇಲ್ಲಿ ನಾನೊಂದು ಪುಟ ಬರೆದಿದ್ದೆ. ಭಾನುಪ್ರಿಯ ಗೊಂಬೆಯೊಳಗೆ ಗೊಂಬೆ ಕೂರುವ ಸೆಟ್ ಮಾಡುತ್ತಾಳೆ. ಮೇಲಿನದು ಕನ್ನಡ ಸೀರೆಯದು, ಬಿಚ್ಚಿದರೆ ಒಳಗೆ ತಮಿಳು ಸೀರೆಯದು, ಅದರೊಳಗೆ ಬಾಯಿಯಿಲ್ಲದ ಪುಟ್ಟದೊಂದು. ಬರೆದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಭಾನುಪ್ರಿಯಳಿಗೆ ಓದಿ ಹೇಳಿದೆ.

"ಸಾರ್, ಅದ್ನ ನಾವು ಡಜನ್‌ಗಟ್ಟಲೆ ಮಾಡಿ ಏರ್‌ಪೋರ್ಟಿಗೆ ಕಳಿಸ್ತೀವಿ," ಅಂದಳು. "ಕನ್ನಡ ಸೀರೆ, ತಮಿಳು ಸೀರೆ ಅಂದ್ರೆ ಎಂಗಿರ್ತದೆ?"

ಗೊತ್ತಿರಲಿಲ್ಲ. ಆ ಪುಟ ಹೋಯಿತು.

೪

ಹೀಗೊಂದು ಮಾಡಬೇಕೆಂದು ಭಾನುಪ್ರಿಯಳಿಗೆ ಹೊಳೆದದ್ದು ಈ ಸಲ ದಸರೆಗೆ ಬೊಂಬೆ ಕೂರಿಸುವ ಮೆಟ್ಟಿಲು ಜೋಡಿಸುವಾಗ. ಎಲ್ಲರೂ ಒಂದು ಮೆಟ್ಟಿಲಲ್ಲಿ ಮದುವೆ ಮಾಡುತ್ತಾರೆ, ಒಂದರಲ್ಲಿ ಸಂತೆ, ಒಂದರಲ್ಲಿ ಕ್ರಿಕೆಟ್ ಮ್ಯಾಚು. ನಮ್ಮ ಮನೆಯಲ್ಲಿ ನಡೆದದ್ದನ್ನು ನಮ್ಮ ಮನೆಯ ಮೆಟ್ಟಿಲಲ್ಲಿ ಕೂರಿಸಲು ಯಾರನ್ನು ಕೇಳಬೇಕು ಅನ್ನಿಸಿತು. ಬೀದಿಯ ಹೆಂಗಸರೆಲ್ಲ ಬಂದು ನೋಡುವಂಥದ್ದು ತನ್ನ ಮನೆಯಲ್ಲಿ ಬೇರೇನಿದೆ? ಅವ್ವನಿಗೆ ಹೇಳಿದಳು. ಬೈಯುತ್ತಾಳೆಂದು ಕಾದಳು. ಸರಸಮ್ಮ "ಅವನಿಗೂ ಒಂದು ಮಾಡ್ತೀಯಾ?" ಅಂದಳು.

ಅಲ್ಲಿಗೆ ತೀರ್ಮಾನವಾಯಿತು.

ಕಾರ್ಖಾನೆಯಲ್ಲಿ ಲೇತ್ ಮೇಲೆ ಮರ ಕಡೆಯುವವರು ತಾಜ್ ಪಾಷಾ. ಭಾನುಪ್ರಿಯ ಅವರಿಗೆ ಪೂರ್ತಿ ಕಥೆ ಹೇಳಿದಳು. ಮನೆಯ ಹೊರಗೆ ಬಾಯಿಬಿಟ್ಟದ್ದು ಅದೇ ಮೊದಲು. ಪಾಷಾ ಮೆಷಿನ್ ಆಫ್ ಮಾಡಿ ಕೇಳಿದರು.

"ಭಾನಮ್ಮಾ, ನಮ್ದು ಹೆಸ್ರು ಹೇಳಿದ್ರೆ ಸಾಕು, ಗೊತ್ತಾಗೋಗ್ತದೆ," ಅಂದರು. "ನಿಮ್ಗೆ ಬಚ್ಚಿಡೋಕಾದ್ರೂ ಆಯ್ತು. ಯಾವ್ದು ಮೇಲೋ ಅಲ್ಲಾಗೇ ಗೊತ್ತು."

"ಎರಡೂ ಬೇಡ ಪಾಷಣ್ಣ. ನೀವು ನಂಗೊಂದು ಓಡೋ ಮನುಷ್ಯನ್ನ ಕಡ್ದು ಕೊಡಿ."

ಅದು ಆಗದ ಮಾತು. ಲೇತಿನಲ್ಲಿ ಮರ ಗಿರಗಿರ ತಿರುಗುತ್ತದೆ, ಉಳಿ ತಾಗಿಸಿದರೆ ಏನಿದ್ದರೂ ದುಂಡಗೇ ಬರುತ್ತದೆ. ಚನ್ನಪಟ್ಟಣದ ಗೊಂಬೆ ನಿಲ್ಲುತ್ತದೆ, ಅದಕ್ಕೆ ಕಾಲಿಲ್ಲ. ಪಾಷಾ ಗೊಂಬೆಗೆ ಬಳಸುವ ಒಂದು ಆಲೆ ಮರದ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ಕೊನೆಗೆ ಭಾನುಪ್ರಿಯಳೇ ರೈಲು ಗೊಂಬೆಗೆಂದು ಇಟ್ಟಿದ್ದ ಚಕ್ರಗಳನ್ನು ತಂದು ಅದರ ಬುಡಕ್ಕೆ ಹಿಡಿದು ತೋರಿಸಿದಳು. ತಲೆ ಕಪ್ಪು, ಅಂಗಿ ನೀಲಿ, ಮೀಸೆಯ ಜಾಗದಲ್ಲಿ ಕೂದಲೆಳೆಯಷ್ಟು ಒಂದು ಗೆರೆ. ಅರಗಿನ ಬಣ್ಣ ಹಿಡಿದು ತಾಳೆಗರಿಯಿಂದ ಉಜ್ಜಿ ಹೊಳಪು ಬಂದ ಮೇಲೆ ಮನೆಗೆ ತಂದು ಅವ್ವನ ಕೈಗೆ ಕೊಟ್ಟಳು. ಸರಸಮ್ಮ ಅದನ್ನು ನೆಲದ ಮೇಲಿಟ್ಟು ಸ್ವಲ್ಪ ತಳ್ಳಿದಳು. ಅದು ಗೋಡೆಯವರೆಗೆ ಹೋಯಿತು. ಎದ್ದು ಹೋಗಿ ತಂದು ಮತ್ತೆ ತಳ್ಳಿದಳು.

೫

ಮೂರನೇ ಮೆಟ್ಟಿಲು ಹೀಗಿತ್ತು. ನಡುವೆ ಗುಡಿಸಲುಗಳು, ಮೇಲೆ ಕೆಂಪು ಅರಗಿನ ಬೆಂಕಿ. ಒಂದೇ ಅಚ್ಚಿನ, ಮುಖ ಬರೆಯದ ಗೊಂಬೆಗಳ ಗುಂಪು. ಪಕ್ಕದಲ್ಲಿ ಹುಳುಮನೆ, ಅದರ ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು, ಬಾಗಿಲ ಮುಂದೆ ನಿಜವಾದ ಸುಣ್ಣದ ಗೆರೆ, ಗೆರೆಯ ಮೇಲೆ ದಪ್ಪನೆಯ ಹಳದಿ ಅಂಕಮ್ಮ. ಎಡತುದಿಗೆ ಕನ್ನಡಿ ಇಟ್ಟು ಮಾಡಿದ ಕೆರೆ. ಬಲತುದಿಗೆ ಗೊಂಬೆ ಬಸ್ಸುಗಳ ರಸ್ತೆ. ಚಿನ್ನರಾಸುವಿಗೆ ಮಾತ್ರ ಜಾಗ ಗೊತ್ತಾಗಲಿಲ್ಲ. ಸರಸಮ್ಮ ಒಂದು ದಿನ ಅವನನ್ನು ಕೆರೆಯ ಕಡೆ ತಿರುಗಿಸುತ್ತಿದ್ದಳು, ಮಾರನೇ ದಿನ ರಸ್ತೆಯ ಕಡೆ.

ಮೊದಲನೇ ಸಂಜೆ ಬೀದಿಯ ಹೆಂಗಸರು ಬಂದರು. ಭಾನುಪ್ರಿಯ ಮೂರನೇ ಮೆಟ್ಟಿಲ ಪಕ್ಕದಲ್ಲೇ ನಿಂತಿದ್ದಳು.

"ಅಯ್ಯೋ, ಎಷ್ಟ್ ಚೆನ್ನಾಗೈತೆ ಕಣೇ ಲಂಕಾದಹನ!" ಅಂದಳು ಎದುರುಮನೆಯವಳು.

"ಅಲ್ನೋಡು, ಲಕ್ಷ್ಮಣರೇಖೆನೂ ಎಳ್ದವ್ಳೆ. ಒಳಗಿರೋದು ಸೀತಮ್ಮ."

"ಹನುಮಂತಪ್ಪನ್ನೇ ಮರೆತ್ಬುಟ್ಟಿದ್ದೀಯಲ್ಲ ಭಾನು!"

ಭಾನುಪ್ರಿಯ ಬಾಯಿ ತೆರೆದಳು. ಮಾತು ಬರಲಿಲ್ಲ. ಕಡಲೆಕಾಳಿನ ಉಸ್ಲಿ ಕೊಟ್ಟು, ಅರಿಶಿನ ಕುಂಕುಮ ಕೊಟ್ಟು ಕಳಿಸಿದಳು. ಬಾಗಿಲು ಹಾಕಿಕೊಂಡು ತನ್ನ ಮೇಲೇ ಸಿಟ್ಟು ಬಂದು ಅತ್ತಳು. (ತಪ್ಪು ಅವಳದಲ್ಲ, ನನ್ನದೂ ಅಲ್ಲ. ದಸರೆಯಲ್ಲಿ ಮೆಟ್ಟಿಲ ಮೇಲೆ ಬೆಂಕಿ ಇಟ್ಟರೆ ಈ ಸೀಮೆಯಲ್ಲಿ ಯಾರಿಗಾದರೂ ರಾಮಾಯಣವೇ ನೆನಪಾಗುವುದು.)

ಆಮೇಲಿನ ದಿನಗಳಲ್ಲಿ ಬಂದವರೂ ಅದನ್ನೇ ಅಂದರು. ಬಡಾವಣೆಯ ಮಹಿಳಾ ಸಮಾಜದವರು ಬೊಂಬೆ ಸ್ಪರ್ಧೆ ಇಟ್ಟಿದ್ದರು. ಭಾನುಪ್ರಿಯಳ ಮನೆಯ ಲಂಕಾದಹನಕ್ಕೇ ಮೊದಲನೇ ಬಹುಮಾನವೆಂದು ಸುದ್ದಿ ಹಬ್ಬಿತು. ನೋಡಿ ತೀರ್ಪು ಕೊಡಲು ವೆಂಕಟಯ್ಯನವರು ಬರುತ್ತಾರಂತೆ. ವೆಂಕಟಯ್ಯ ಎಂದರೆ ಲೋಕೇಶನ ಬಳಗದ ಗೌರವಾಧ್ಯಕ್ಷರು, ಹಳೆಯ ರೇಷ್ಮೆ ಬೆಳೆಗಾರರು, ಊರು ಬಿಟ್ಟು ಪೇಟೆಯಲ್ಲಿ ಮನೆ ಕಟ್ಟಿಕೊಂಡವರು. ಲೋಕೇಶನಿಗೆ ಅಂಗಡಿ ಹಾಕಿಸಿಕೊಟ್ಟವರೂ ಅವರೇ. ವರ್ಷಕ್ಕೊಮ್ಮೆ ಮನೆಗೆ ಬಂದು ಸರಸಮ್ಮನ ಕೈಯಲ್ಲಿ ಕಾಫಿ ಕುಡಿದು ಹೋಗುತ್ತಾರೆ.

ತೀರ್ಪಿನ ಹಿಂದಿನ ದಿನ ಮಧ್ಯಾಹ್ನ ಲೋಕೇಶ ಒಂದು ಹನುಮಂತನ ಬೊಂಬೆ ತಂದ. ಮಾಗಡಿ ರಸ್ತೆಯ ಅಂಗಡಿಯದು, ಬಾಲದ ತುದಿಗೆ ಕೆಂಪು ಬಲ್ಬು ಬೇರೆ.

"ಇದ್ನ ಇಟ್ಬುಡು. ಎಲ್ಲಾ ಸರಿಹೋಯ್ತದೆ."

"ಸರಿಹೋಗಾದು ಬೇಡ ಕಣಣ್ಣ."

"ಜನವೇ ಲಂಕೆ ಅಂತಾವ್ರೆ. ನಿಂಗೇನ್ ನಷ್ಟ?"

"ಮಾವಂಗೆ ನಷ್ಟ. ಅವನನ್ನ ಲಂಕೇಲಿ ಯಾರು ಅನ್ನಾನ? ರಾಕ್ಷಸ ಅನ್ನಾನಾ?"

ಲೋಕೇಶ ಬೊಂಬೆಯ ಡಬ್ಬವನ್ನು ನೆಲಕ್ಕಿಟ್ಟ. "ಲೇ, ನಿಂಗೇನ್ ಗೊತ್ತು? ನೀನು ಮಡ್ಲಲ್ಲಿ ನಿದ್ದೆ ಮಾಡ್ತಿದ್ದೆ. ಬಾಯ್ ಮುಚ್ಚಿದ್ದು ನಂದು. ಇವತ್ತಿಗೂ ಯಾರಾದ್ರೂ ಕೈ ಮುಂದೆ ತಂದ್ರೆ ನಂಗೆ ಉಸ್ರು ನಿಂತೋಯ್ತದೆ. ನಾನ್ಯಾಕೆ ಮೈಕ್ ಹಿಡ್ಕಂಡು ಅಷ್ಟು ಕೂಗ್ತೀನಿ ಅಂದ್ಕಂಡಿದ್ದೀಯ?"

ಭಾನುಪ್ರಿಯಳಿಗೆ ಅಣ್ಣನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಆದರೂ ಹನುಮಂತನನ್ನು ಇಡಲು ಒಪ್ಪಲಿಲ್ಲ.

೬

ಅಲ್ಲಿಂದ ಲೋಕೇಶ ಸೀದಾ ನನ್ನ ಹತ್ತಿರ ಬಂದ. (ಪಾತ್ರಗಳು ಕಥೆಗಾರನ ಹತ್ತಿರ ಬಂದು ಜಗಳ ಆಡುವುದು ಹಳೇ ಆಟ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅವನಿಗೆ ಗೊತ್ತಿಲ್ಲ. ಪಾಪ, ನಿಜವಾಗಿಯೇ ಬಂದ.)

"ಸಾರ್, ನಿಮ್ಗೇನ್ ಹೋಗಬೇಕು? ಬರೆದು ಎದ್ದೋಯ್ತೀರ. ನಾಳಿಕ್ಕೆ ಹೈವೇಲಿ ಶಟರ್ ಎತ್ಬೇಕಾದೋನು ನಾನು."

"ನಿಮ್ಮ ಹೆಸರು ಬದಲಾಯಿಸಿ ಬರೀತೀನಪ್ಪ," ಅಂದೆ.

"ಹೆಸ್ರಾ? ನಮ್ಮಪ್ಪ ಆವಾಗ್ಲೇ ಬದಲಾಯ್ಸಿದ. ಏನಾಯ್ತು?"

ಅವನು ಎದ್ದು ಹೋದ ಮೇಲೆ, ಅವನಿಗೆ ಅನುಕೂಲವಾಗುವಂಥ ಒಂದು ಕೊನೆ ಸಿಗುತ್ತದೆಯೇ ಎಂದು ನೋಡಿದೆ. ಸಿಕ್ಕಿದ್ದನ್ನು ಭಾನುಪ್ರಿಯಳ ಮುಂದೆ ಇಟ್ಟೆ.

ಮೊದಲನೆಯದು: ಹನುಮಂತ ಮೆಟ್ಟಿಲೇರುತ್ತಾನೆ, ಬಾಲದ ಬಲ್ಬು ಮಿನುಗುತ್ತದೆ, ಮೊದಲನೇ ಬಹುಮಾನ ಪ್ರೆಶರ್ ಕುಕ್ಕರ್ ಬರುತ್ತದೆ, ಕಥೆಯ ತುಂಬ ವ್ಯಂಗ್ಯ ತುಳುಕುತ್ತದೆ. "ಕುಕ್ಕರ್ ಐತೆ ಸಾರ್ ನಮ್ಮನೇಲಿ," ಅಂದಳು.

ಇನ್ನೊಂದು: ಎಲ್ಲರ ಮುಂದೆ ಸರಸಮ್ಮ ತಮಿಳಿನಲ್ಲಿ ಲಾಲಿ ಹಾಡುತ್ತಾಳೆ. ಹೆಂಗಸರ ಕಣ್ಣಲ್ಲೆಲ್ಲ ನೀರು. ಭಾನುಪ್ರಿಯ ನನ್ನನ್ನೇ ಕನಿಕರದಿಂದ ನೋಡಿದಳು. "ಅವ್ವಂಗೆ ಹಾಡಕ್ಕೇ ಬರಲ್ಲ."

ಕಿಟಕಿಗೆ ಕಲ್ಲು ಬೀಳುವ ಕೊನೆಯೂ ಒಂದಿತ್ತು. ಅದು ನಿಜಕ್ಕೆ ಹತ್ತಿರವಿರಬಹುದು ಎಂದು ಅಂಜುತ್ತಲೇ ಹೇಳಿದೆ.

"ಬೀಳ್ಬಹುದು," ಅಂದಳು. "ಬಿದ್ರೆ ಬೀಳ್ಲಿ. ಆದ್ರೆ ನೀವು ಹೊಡೆಸ್ಬೇಡಿ ಸಾರ್. ನಂಗೆ ಬೇಕಾಗಿರೋದು ಒಂದೇ, ನಮ್ಮಾವ ಯಾವ ಕಡೆ ಹೋದ ಅಂತ. ಅದು ನಿಮ್ಗೊತ್ತಾ?"

ಗೊತ್ತಿಲ್ಲ ಅಂದೆ.

"ಹಂಗಾದ್ರೆ ಕೊನೆ ಬರಿಯಕ್ಕೆ ಹೋಗ್ಬೇಡಿ. ಬಂದು ಒಸಿ ಉಸ್ಲಿ ತಿಂದ್ಕಂಡು ಹೋಗಿ."

೭

ಹೋದೆ. ಆದ್ದರಿಂದ ಇನ್ನು ಮುಂದಿನದು ನಾನು ಯೋಚಿಸಿ ಬರೆದದ್ದಲ್ಲ, ಮೂಲೆಯಲ್ಲಿ ಉಸ್ಲಿ ತಿನ್ನುತ್ತಾ ನಿಂತು ಬರೆದುಕೊಂಡದ್ದು.

ಬೆಳಿಗ್ಗೆ ಲೋಕೇಶ ಯಾರಿಗೂ ಕಾಣದಂತೆ ಹನುಮಂತನನ್ನು ಮೆಟ್ಟಿಲ ಮೇಲೆ ಇಟ್ಟಿದ್ದ. ಭಾನುಪ್ರಿಯ ಅದಕ್ಕೆ ಕೈಮುಗಿದು, ಎತ್ತಿ ಅವನ ಕೈಗೇ ಕೊಟ್ಟಳು. ಹೀಗಾಗಿ ಮೂರು ಗಂಟೆಗೆ ಸಮಾಜದ ಹೆಂಗಸರು ವೆಂಕಟಯ್ಯನವರನ್ನು ಕರೆದುಕೊಂಡು ಬಂದಾಗ, ಕಾರ್ಯದರ್ಶಿ ಲೋಕೇಶ ಹನುಮಂತನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

"ಬನ್ನಿ, ಬನ್ನಿ ವೆಂಕಟಯ್ಯೋರೆ," ಅಂದ.

ವೆಂಕಟಯ್ಯ ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಪಟ್ಟದ ಬೊಂಬೆಗೆ ಕೈಮುಗಿದರು. ಸಮಾಜದ ಅಧ್ಯಕ್ಷೆ ಮೂರನೇ ಮೆಟ್ಟಿಲು ತೋರಿಸಿ, "ಇದೇ ಸಾರ್ ನಾವು ಹೇಳಿದ್ದು. ಲಂಕಾದಹನ. ಎಷ್ಟು ನೀಟಾಗಿ ಮಾಡಿದ್ದಾರೆ ನೋಡಿ," ಅಂದರು.

ಭಾನುಪ್ರಿಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈ ಸಲ ಮಾತು ಬಂತು. ಮನೆಯ ತುಂಬ ಕೇಳಿಸುವಷ್ಟು ಗಟ್ಟಿಯಾಗಿ ಬಂತು.

"ಅದು ಲಂಕೆ ಅಲ್ಲ ಮೇಡಂ. ನಮ್ಮ ಗುಡಿಸ್ಲು. ತೊಂಬತ್ತೊಂದನೇ ಇಸ್ವೀಲಿ ಸುಟ್ಟಿದ್ದು. ನಾವು ತಮಿಳ್ರು."

ಎದುರುಮನೆಯವಳು ಉಸ್ಲಿಯ ತಟ್ಟೆಯನ್ನು ನೋಡಿದಳು, ಭಾನುಪ್ರಿಯಳನ್ನು ನೋಡಿದಳು, ಒಂದು ಕಾಳು ಬಾಯಿಗೆ ಹಾಕಿಕೊಂಡಳು. ಅಧ್ಯಕ್ಷೆ "ತಮಾಷೆ ಮಾಡ್ತಿದ್ದೀರಾ ಭಾನು?" ಎಂದು ನಗಲು ನೋಡಿದರು.

ವೆಂಕಟಯ್ಯ ನಗಲಿಲ್ಲ. ಅವರು ಮೂರನೇ ಮೆಟ್ಟಿಲಿನ ಮುಂದೆ ಬಗ್ಗಿದ್ದರು. ಬೆಂಕಿಯನ್ನಲ್ಲ, ಸುಣ್ಣದ ಗೆರೆಯನ್ನು ನೋಡುತ್ತಿದ್ದರು. ಗೋಡೆಗೆ ಒರಗಿಸಿದ ಚಂದ್ರಿಕೆ ನೋಡಿದರು. ಹಳದಿ ಗೊಂಬೆ ನೋಡಿದರು.

"ಅಂಕಮ್ಮನ ಹುಳಮನೆ," ಅಂದರು. ಯಾರಿಗೂ ಹೇಳಿದ್ದಲ್ಲ, ತಮಗೆ ತಾವೇ ಅಂದುಕೊಂಡದ್ದು.

ಭಾನುಪ್ರಿಯ ತಿರುಗಿ ಅವರನ್ನು ನೋಡಿದಳು. ಅಂಕಮ್ಮನ ಹೆಸರನ್ನು ಅವಳು ಬೊಂಬೆ ನೋಡಲು ಬಂದ ಯಾರಿಗೂ ಹೇಳಿರಲಿಲ್ಲ. ಇಷ್ಟು ದಿನ ಇಷ್ಟು ಜನ ನೋಡಿ ಹೋದರು, ಇದು ಏನೆಂದು ಸರಿಯಾಗಿ ಓದಿದವರು ಇವರೊಬ್ಬರೇ.

ಆಗ ಸರಸಮ್ಮ ಅಡುಗೆಮನೆಯಿಂದ ಬಂದಳು. ಕೈ ಒರೆಸಿಕೊಂಡು ಸೀದಾ ಮೆಟ್ಟಿಲ ಹತ್ತಿರ ಹೋಗಿ ನೀಲಿ ಅಂಗಿಯ ಗೊಂಬೆಯನ್ನು ಎತ್ತಿ, ವೆಂಕಟಯ್ಯನವರ ಕೈ ಹಿಡಿದು ಅಂಗೈಯಲ್ಲಿ ಇಟ್ಟಳು.

"ಬಾಗ್ಲು ಸಂದೀಲಿ ನೋಡಿದ್ದೆ ನಾನು," ಅಂದಳು. "ಸುಣ್ಣದ ಗೆರೆ ಆಚೆಗೆ, ಎಲ್ರಿಗಿಂತ ಮುಂದೆ ನೀವೇ ನಿಂತಿದ್ರಿ."

(ಇದನ್ನು ಅವಳು ನನಗೂ ಹೇಳಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಅಷ್ಟು ವರ್ಷ ಆ ಮನುಷ್ಯನಿಗೆ ಸಕ್ಕರೆ ಸಾಕಾ ಎಂದು ಕೇಳಿ ಕಾಫಿ ಕೊಟ್ಟಿದ್ದಾಳೆ. ನಾನು ಉಸ್ಲಿಯ ತಟ್ಟೆ ಕೆಳಗಿಟ್ಟೆ.)

"ತಾಯಿ, ಅದು ಯಾವ ಕಾಲದ್ದೋ... ಹುಡುಗ್ಬುದ್ಧಿ... ಗುಂಪಲ್ಲಿ ಯಾರ್ ಯಾರೋ..." ಅಂದರು ವೆಂಕಟಯ್ಯ.

"ಜಗಳಕ್ಕೆ ಕೇಳ್ತಿಲ್ಲ. ನೀವು ಆಮೇಲೆ ಅವನ ಹಿಂದೆ ಹೋದ್ರಿ. ಅವನು ನನ್ನ ತಮ್ಮ. ಚಿನ್ನರಾಸು ಅಂತ." ಸರಸಮ್ಮ ಮೂರನೇ ಮೆಟ್ಟಿಲು ತೋರಿಸಿದಳು. "ಎಲ್ಲಿಗಂಟ ಓಡ್ದ? ಅಲ್ಲಿ ಇಡಿ ಇವನ್ನ."

ವೆಂಕಟಯ್ಯ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಲೋಕೇಶ ಇದ್ದ. ಭಾನುಪ್ರಿಯ ಅಣ್ಣನ ಮುಖ ನೋಡಿದಳು. ಈಗ ಅವನು ದಾರಿ ಬಿಡುತ್ತಾನೆ, ಬೈಕ್ ತೆಗೆದು ಮನೆಗೆ ಬಿಟ್ಟು ಬರುತ್ತಾನೆ, ನಾಳೆ ಏನೋ ಒಂದು ಕಥೆ ಕಟ್ಟುತ್ತಾನೆ ಅಂದುಕೊಂಡಳು. ಲೋಕೇಶ ಹನುಮಂತನ ಕವರನ್ನು ಗೂಟಕ್ಕೆ ನೇತುಹಾಕಿದ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ತಂದು ಮೂರನೇ ಮೆಟ್ಟಿಲಿನ ಎದುರಿಗೆ ಹಾಕಿದ.

"ಕುಂತ್ಕಳಿ ವೆಂಕಟಯ್ಯೋರೆ," ಅಂದ. ಮೈಕಿನಲ್ಲಿ ಯಾವತ್ತೂ ಬಾರದ ದನಿ. "ನಮ್ಮವ್ವ ಕೇಳ್ತಾವ್ಳೆ."

೮

ವೆಂಕಟಯ್ಯ ಕೂತಿದ್ದಾರೆ. ಗೊಂಬೆ ಅಂಗೈಯಲ್ಲಿದೆ. ಸರಸಮ್ಮ ಎದುರಿಗೆ ನೆಲದ ಮೇಲೆ ಕೂತಳು, ಅವಳ ಪಕ್ಕ ಭಾನುಪ್ರಿಯ. ಹೆಂಗಸರಲ್ಲಿ ಕೆಲವರು ಎದ್ದು ಹೋದರು. ಎದುರುಮನೆಯವಳು ಹೋಗಲಿಲ್ಲ.

ಈಗ ನೀವು ನನ್ನನ್ನು ನೋಡುತ್ತಿದ್ದೀರಿ, ಗೊತ್ತು. ನನ್ನ ಜೇಬಿನಲ್ಲಿ ಕೆರೆಯ ಉತ್ತರ ಒಂದಿದೆ, ರಸ್ತೆಯ ಉತ್ತರ ಒಂದಿದೆ. ಒಬ್ಬ ಹುಡುಗ ಲಾರಿ ಹತ್ತಿ ತಪ್ಪಿಸಿಕೊಂಡು ಈಗ ಹೊಸೂರಿನಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿರುವ ಉತ್ತರವೂ ಇದೆ, ಅದನ್ನು ಬರೆಯುವಾಗ ನಾನೇ ಅತ್ತಿದ್ದೇನೆ. ಒಂದನ್ನೂ ಆ ಮನುಷ್ಯನ ಬಾಯಿಗೆ ಹಾಕುವುದಿಲ್ಲ. ಹಾಕಿದರೆ ಅವರು ಎದ್ದು ಟವೆಲ್ ಕೊಡವಿಕೊಂಡು ಮನೆಗೆ ಹೋಗಬಹುದು, ನೀವೂ ಹೋಗಬಹುದು, ನನಗೂ ಬಸ್ಸು ಸಿಗಬಹುದು. ಆ ಉಪಕಾರವನ್ನು ನಾನು ಮಾಡುವವನಲ್ಲ. ಕಾಣೆಯಾದವನನ್ನು ಕಂಡವರು ಬದುಕಿದ್ದಾರೆ, ಎದುರಿಗೇ ಕೂತಿದ್ದಾರೆ. ಹೇಳಬೇಕಾದವರು ಅವರು.

ವೆಂಕಟಯ್ಯ ಗೊಂಬೆಯನ್ನು ಒಮ್ಮೆ ಕೆರೆಯ ಕಡೆಗೆ ಚಾಚಿದರು. ಕೈ ಅಲ್ಲೇ ನಿಂತಿತು. ಹಿಂದಕ್ಕೆ ತೆಗೆದುಕೊಂಡರು.

"ಯೋಚ್ನೆ ಮಾಡ್ಕಂಡೇ ಇಡಿ," ಅಂದಳು ಸರಸಮ್ಮ. "ನಂಗೇನೂ ಕೆಲ್ಸ ಇಲ್ಲ. ಕುಂತಿರ್ತೀನಿ."